ಒತ್ತಿ ನೋಡಿ ತಂದ ಡಬ್ಬಿ

ನೀಲಗಂಗಾಳ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಎಳ್ಳಿನಷ್ಟು ಉದ್ದ. ಶೋಕಿಗೆ ಬಿಟ್ಟದ್ದಲ್ಲ. ಗದಗಿನ ಸಂತೆಯಲ್ಲಿ ಅವಳ ತಾಯಿ ಗಂಗಮ್ಮ ಅಂಥದೇ ಉಗುರಿನಿಂದ ಸೋರೆಕಾಯಿಯ ಸಿಪ್ಪೆ ಚುಚ್ಚಿ ಎಳೆಯದೋ ಬಲಿತದ್ದೋ ಹೇಳಿಬಿಡುತ್ತಿದ್ದಳು. ಬೆಂಡೆಕಾಯಿಯ ತುದಿ ಮುರಿಯಬೇಕು, ಕೊತ್ತಂಬರಿ ಮೂಸಬೇಕು, ಬದನೆಕಾಯಿ ಒತ್ತಬೇಕು. ಒತ್ತಿದರೆ ಬಗ್ಗದೆ ಬಿಗಿಯಾಗಿ ನಿಂತದ್ದು ತಾಜಾ, ಬಗ್ಗಿದ್ದು ಹಳತು. ಇಷ್ಟು ಗೊತ್ತಿದ್ದವಳಿಗೆ ಸಂತೆಯಲ್ಲಿ ಯಾರೂ ಟೋಪಿ ಹಾಕಲಾರರು ಎಂಬುದು ಗಂಗಮ್ಮನ ಮಾತು. ಮದುವೆಯಾಗಿ ಮಗಳು ಅಮೆರಿಕಕ್ಕೆ ಹೊರಟಾಗ ಕೊಟ್ಟ ಬಳುವಳಿಯಲ್ಲಿ ತೂಕವಿಲ್ಲದ್ದು ಇದೊಂದೇ.

ಚಿಕಾಗೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಬಂದರೆ ಸಿಗುವ ಡೌನರ್ಸ್ ಗ್ರೋವ್‌ನಲ್ಲಿ ಅವರದು ಎರಡು ಕೋಣೆಯ ಅಪಾರ್ಟ್‌ಮೆಂಟ್. ಗಂಡ ಶಿವಬಸಪ್ಪ ಇಂಜಿನಿಯರು. ಬೆಳಿಗ್ಗೆ ಏಳರ ರೈಲಿಗೆ ಹೋದರೆ ಸಂಜೆ ಆರೂವರೆಗೆ ಬರುತ್ತಿದ್ದ. ನೀಲಗಂಗಾಳಿಗೆ ಡ್ರೈವಿಂಗ್ ಬರುವುದಿಲ್ಲ, ಇಂಗ್ಲಿಷು ಅಷ್ಟಕ್ಕಷ್ಟೇ, ಮಕ್ಕಳಿನ್ನೂ ಇಲ್ಲ. ನಡೆದು ಹೋಗಬಹುದಾದದ್ದು ಎಂದರೆ ನಾಲ್ಕು ಬ್ಲಾಕ್ ಆಚೆಯ ಸೂಪರ್ ಮಾರ್ಕೆಟ್ ಒಂದೇ. ಅಲ್ಲಿಗೆ ಹೋದರೆ ಮಾತ್ರ ತಾನೂ ಏನೋ ಒಂದು ಕೆಲಸ ಬಲ್ಲವಳು ಅನ್ನಿಸುತ್ತಿತ್ತು. ಅದೂ ತಪ್ಪಿದರೆ ಆ ಊರಿನಲ್ಲಿ ಅವಳು ಗೋಡೆಗೆ ಒರಗಿಸಿಟ್ಟ ಚಾಪೆ.

ತಪ್ಪುವ ಕಾಲ ಎಪ್ಪತ್ತಮೂರರ ಸೆಪ್ಟೆಂಬರಿನಲ್ಲೇ ಶುರುವಾಯಿತು. ಒಂದು ದಿನ ಅಂಗಡಿಯಲ್ಲಿ ಅಪರೂಪಕ್ಕೆ ಬೆಂಡೆಕಾಯಿಯ ಬುಟ್ಟಿ ಕಂಡಿತು. ತವರಿನವರನ್ನು ಕಂಡಷ್ಟು ಸಂತೋಷವಾಗಿ ಅವಳು ನಿಂತಲ್ಲೇ ಒಂದೊಂದರ ತುದಿ ಮುರಿಯುತ್ತಾ ಹೋದಳು. ಟಕ್ಕೆಂದದ್ದು ಚೀಲಕ್ಕೆ, ಬಗ್ಗಿದ್ದು ವಾಪಸು ಬುಟ್ಟಿಗೆ. ಅರ್ಧ ಪೌಂಡ್ ಆರಿಸುವಷ್ಟರಲ್ಲಿ ಬುಟ್ಟಿಯ ತುಂಬ ಬಾಲ ಕಳೆದುಕೊಂಡ ಬೆಂಡೆಕಾಯಿ. ತಲೆಯೆತ್ತಿದರೆ ಬಿಳಿ ಏಪ್ರನ್ನಿನ ಮ್ಯಾನೇಜರ್ ಎದುರಿಗೇ ನಿಂತು ಅವಳ ಕೈಯನ್ನೇ ನೋಡುತ್ತಿದ್ದ. ಮರುವಾರ ತರಕಾರಿಯ ಮೇಲೊಂದು ಬೋರ್ಡು ತೂಗುತ್ತಿತ್ತು. ಅವಳಿಗೆ ಓದಲು ಬರುವಷ್ಟು ದೊಡ್ಡ ಅಕ್ಷರಗಳೇ ಇದ್ದರೂ ಅದು ತನಗೆಂದು ಹೊಳೆಯಲಿಲ್ಲ. ಬೀನ್ಸ್ ಮುರಿದಳು, ಸೌತೆಕಾಯಿಗೆ ಉಗುರು ಚುಚ್ಚಿದಳು, ಬ್ರೆಡ್ಡನ್ನು ಪೊಟ್ಟಣದ ಮೇಲಿಂದಲೇ ಹಿಸುಕಿದಳು.

ಅವಳಿಗೆ ಹೊಳೆಯದ್ದನ್ನು ಹೊಳೆಯಿಸಲು ಮೇಲಿನ ಮನೆಯ ವಸುಧಾ ಇದ್ದರಲ್ಲ. ಮೈಸೂರಿನವರು. ಗಂಡ ದ್ವಾರಕಾನಾಥ ಆಸ್ಪತ್ರೆಯಲ್ಲಿ ಡಾಕ್ಟರು. ಅಕ್ಟೋಬರಿನ ಕೊನೆಗೆ ಒಂದು ಸಂಜೆ ಕಾಫಿಗೆ ಇಳಿದು ಬಂದವರು ಶಿವಬಸಪ್ಪನ ಎದುರಿಗೇ ಮಾತು ತೆಗೆದರು.

"ನೋಡಿ, ಹೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಅಂಗಡೀಲಿ ಬೋರ್ಡ್ ಹಾಕಿದಾರೆ, ತರಕಾರಿ ಮುಟ್ಟಿ ಮುರೀಬೇಡಿ ಅಂತ. ಈಗ ನಾನು ಹೋದ್ರೂ ಆ ಮ್ಯಾನೇಜರ್ ನನ್ನ ಕೈನೇ ನೋಡ್ತಾನೆ. ಅವನಿಗೆ ಸೀರೆ ಉಟ್ಟವರೆಲ್ಲಾ ಒಂದೇ ತಾನೆ."

ಶಿವಬಸಪ್ಪ ಆಫೀಸಿನಲ್ಲಿ ಎಲ್ಲರಿಗೂ ಬೇಕಾದ ಮನುಷ್ಯ, ಯಾರೇನು ಅಂದರೂ ನಗುತ್ತಿದ್ದ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿದ್ದು. ವಸುಧಾ ಮೆಟ್ಟಿಲು ಹತ್ತುವವರೆಗೆ ನಗುತ್ತಿದ್ದವನು ಬಾಗಿಲು ಹಾಕಿ ತಿರುಗಿದ.

"ಮಾನಾ ಕಳದಿ. ಇನ್ನ ಅಂಗಡ್ಯಾಗ ಏನೂ ಮುಟ್ಟಬ್ಯಾಡ. ಎರಡೂ ಕೈ ಕೋಟಿನ ಕಿಸೆದಾಗ ಇಟ್ಕೊಂಡ ಅಡ್ಡಾಡು."

"ಮುಟ್ಟಲಾರದ ಹ್ಯಾಂಗ್ರೀ ತರೂದು? ಬರೇ ಕಣ್ಣಿಗೆ ಏನ್ ತಿಳೀತದ?"

"ಉಳದವ್ರೆಲ್ಲಾ ತರೂದಿಲ್ಲೇನು? ಇನ್ನೊಮ್ಮೆ ಯಾರರೆ ಬಂದು ನನಗ ಹೇಳಿದ್ರಂದ್ರ, ಸಾಮಾನು ನಾನ ತರ್ತೀನಿ. ನೀ ಮನ್ಯಾಗ ಕೂಡು."

ಆ ರಾತ್ರಿ ನೀಲಗಂಗಾ ಅತ್ತಳು, ಅಳುವುದಕ್ಕೆ ಅವಳಿಗೆ ಕಾರಣವೂ ಇತ್ತು. ಕೈ ಕಟ್ಟಿಹಾಕಿದ್ದಷ್ಟೇ ಅಲ್ಲ, ಇನ್ನೊಂದು ತಪ್ಪಾದರೆ ಹೊರಗಿನ ಬಾಗಿಲೂ ಮುಚ್ಚುತ್ತದೆ. ಆಮೇಲೆ ನವೆಂಬರು, ಡಿಸೆಂಬರು ಅವನು ಹೇಳಿದಂತೆಯೇ ಅವಳು ಕಿಸೆಯಲ್ಲಿ ಕೈ ಇಟ್ಟುಕೊಂಡು ಅಂಗಡಿ ಸುತ್ತಿದಳು. ಕಣ್ಣಿಗೆ ಚೆಂದ ಕಂಡದ್ದನ್ನು ಎತ್ತಿ ಚೀಲಕ್ಕೆ ಹಾಕುವುದು. ಮನೆಗೆ ಬಂದು ಹೆಚ್ಚಿದರೆ ಬದನೆಯ ಹೊಟ್ಟೆಯೆಲ್ಲ ಬೀಜ, ಬೀನ್ಸೆಲ್ಲ ನಾರು. ಶಿವಬಸಪ್ಪ ಊಟಕ್ಕೆ ಕೂತು ನಾರನ್ನು ಬಾಯಿಂದ ಎಳೆದು ತಟ್ಟೆಯ ಅಂಚಿಗೆ ಇಡುತ್ತಿದ್ದ. ಅವನಿಂದ ಒಂದೇ ಒಂದು ಸಲ ಚೆನ್ನಾಗಿದೆ ಎನ್ನಿಸಿಕೊಳ್ಳಬೇಕೆಂಬ ಆಸೆ ಅವಳ ಎದೆಯಲ್ಲಿ ಹರಳುಗಟ್ಟಿತು.

ಜನವರಿಯಲ್ಲಿ ಸಂಕ್ರಮಣ ಬಂತು. ಆ ದೇಶದಲ್ಲಿ ಹಬ್ಬಗಳು ಪಂಚಾಂಗ ನೋಡಿ ಬರುವುದಿಲ್ಲ, ಭಾನುವಾರ ನೋಡಿ ಬರುತ್ತವೆ. ದ್ವಾರಕಾನಾಥ ದಂಪತಿಗಳನ್ನು ಊಟಕ್ಕೆ ಕರೆದದ್ದಾಯಿತು. ಶನಿವಾರ ಅಂಗಡಿಗೆ ಹೋದರೆ ಹಿಮದಿಂದ ಲಾರಿಗಳು ಬಾರದೆ ತರಕಾರಿ ಕಟ್ಟೆ ಬರಿದು. ಪಕ್ಕದಲ್ಲಿ ಮ್ಯಾನೇಜರ್ ಬೇರೆ. ಅವಳು ಆಚೆ ಸಾಲಿಗೆ ಹೊರಳಿದಳು. ಅಲ್ಲಿ ನೆಲದಿಂದ ತಲೆಯೆತ್ತರದವರೆಗೆ ಡಬ್ಬಿಗಳು. ಅವುಗಳಲ್ಲೊಂದರ ಮೇಲೆ ಬೀಟ್‌ರೂಟಿನ ಚಿತ್ರವಿತ್ತು. ಬೇಯಿಸಿ ತುಂಬಿದ್ದು, ಹಾಗೇ ತಿನ್ನಬಹುದು ಎಂದು ವಸುಧಾ ಒಮ್ಮೆ ಹೇಳಿದ್ದರು. ಮೊಸರು ಹಾಕಿ ಪಚಡಿ ಮಾಡಿದರೆ ಎಲೆಯಲ್ಲಿ ಬಣ್ಣವಾದರೂ ಇರುತ್ತದೆ ಅಂದುಕೊಂಡಳು.

ಕೈ ನೀಡಿದವಳಿಗೆ ಒಂದು ಯೋಚನೆ ಬಂತು. ಡಬ್ಬಿಯನ್ನು ಮುರಿಯುವಂತಿಲ್ಲ, ಚುಚ್ಚುವಂತಿಲ್ಲ. ಆದರೆ ಒತ್ತಿ ನೋಡಿದರೆ ಯಾರಪ್ಪನ ಗಂಟು ಹೋಗುತ್ತದೆ? ಎರಡು ತಿಂಗಳಿಂದ ಕಿಸೆಯೊಳಗೆ ಕೊಳೆಯುತ್ತಿದ್ದ ಹೆಬ್ಬೆರಳನ್ನು ಹೊರತೆಗೆದು ಮೊದಲ ಡಬ್ಬಿಯ ಮುಚ್ಚಳ ಒತ್ತಿದಳು. ಮುಚ್ಚಳ ಒಳಕ್ಕೆ ತಗ್ಗಾಗಿತ್ತು. ಹಳೆ ಮಾಲು ಅಂದುಕೊಂಡು ವಾಪಸಿಟ್ಟಳು. ಎರಡನೆಯದೂ ತಗ್ಗು. ಹತ್ತನೆಯದೂ ತಗ್ಗು. ಈ ಅಂಗಡಿಯವನು ಬಾಡಿದ್ದನ್ನೇ ಮಾರುತ್ತಾನೆ ಎಂಬ ಅವಳ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ಮೊಣಕಾಲೂರಿ ಕೆಳಗಿನ ಸಾಲಿಗೆ ಕೈ ಹಾಕಿದಳು. ಕಟ್ಟಕಡೆಗೆ, ಗೋಡೆಯ ಹತ್ತಿರ, ಬೆರಳಿಗೆ ಒಂದು ಸಿಕ್ಕಿತು. ಮುಚ್ಚಳ ತುಸು ಮೇಲಕ್ಕೆ ಎದ್ದು, ಎಳೆ ಬದನೆಯ ಹಾಗೆ ಬಿಗಿಯಾಗಿ, ಒತ್ತಿದರೆ ಬಗ್ಗದೆ ಬೆರಳನ್ನೇ ಹಿಂದಕ್ಕೆ ತಳ್ಳಿತು. ನಿನ್ನೆ ಮೊನ್ನೆ ತುಂಬಿದ್ದು ಇದು. ಅವಳಿಗೆ ಗಂಗಮ್ಮನ ನೆನಪಾಗಿ ಕಣ್ಣು ಮಂಜಾಯಿತು.

ಸಾಲಿನ ತುದಿಯಲ್ಲಿ ನಿಂತು ಮ್ಯಾನೇಜರ್ ಎಲ್ಲವನ್ನೂ ನೋಡುತ್ತಿದ್ದ. ಈ ಹೆಂಗಸು ಕಡೆಗೂ ಮುರಿಯಲಾರದ ವಸ್ತುವಿಗೆ ಕೈ ಹಾಕಿದಳಲ್ಲ ಎಂದೋ ಏನೋ, ಅವನು ಮೊದಲ ಬಾರಿಗೆ ನಕ್ಕ. ಅವಳೂ ನಕ್ಕಳು. ಆಗ ಅವನೊಂದು ಮಾತು ಆಡಿದ್ದರೆ, ಅವಳ ಕೈಯಲ್ಲಿದ್ದ ಡಬ್ಬಿಯನ್ನೊಮ್ಮೆ ಸರಿಯಾಗಿ ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಭಾನುವಾರ ಬೆಳಗಿನಿಂದಲೇ ಹಿಮ. ಆಸ್ಪತ್ರೆಗೆ ಹೋದ ದ್ವಾರಕಾನಾಥರು ಅಲ್ಲೇ ಸಿಕ್ಕಿಕೊಂಡರು. ಅವರಿಲ್ಲದೆ ತಾನೊಬ್ಬಳೇ ಬರುವುದಿಲ್ಲ ಎಂದು ವಸುಧಾ ಫೋನ್ ಮಾಡಿದರು. ಅಡುಗೆ ಆಗಲೇ ಅರ್ಧವಾಗಿತ್ತು. ಡಬ್ಬಿಗೆ ಓಪನರ್ ಹಾಕುತ್ತಲೇ ಬುಸ್ಸೆಂದು ಕೆಂಪು ರಸ ಚಿಮ್ಮಿ ಸೀರೆಯ ಮೇಲೆ ಬಿತ್ತು. ಎಷ್ಟು ರಸವಿದೆ ಎಂದು ಅವಳು ಹಿಗ್ಗಿದಳು. ಬೇರೆ ದಿನವಾಗಿದ್ದರೆ ಎತ್ತಿ ಮೂಸುತ್ತಿದ್ದಳು, ಒಂದು ಹೋಳು ಬಾಯಿಗೂ ಹಾಕುತ್ತಿದ್ದಳು. ಆದರೆ ಹಬ್ಬದ ಅಡುಗೆ ದೇವರಿಗೆ ಎಡೆಯಾಗುವ ಮೊದಲು ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಮೊಸರು ಬೆರೆಸಿದಳು, ಇಂಗಿನ ಒಗ್ಗರಣೆ ಕೊಟ್ಟಳು, ಎಡೆ ಹಿಡಿದಳು. ಖಾಲಿ ಡಬ್ಬಿಯನ್ನು ತೊಳೆದು, ಸಾಸಿವೆ ಹಾಕಿಡಲು ಬರುತ್ತದೆಂದು ಕಿಟಕಿಯಲ್ಲಿ ಬೋರಲು ಹಾಕಿದಳು.

ಶಿವಬಸಪ್ಪ ಸಜ್ಜೆ ರೊಟ್ಟಿ ಮುರಿದು ಪಚಡಿಗೆ ಅದ್ದಿ ತಿಂದ. ಇನ್ನೊಂದಿಷ್ಟು ಹಾಕು ಅಂದ. ನಾಲ್ಕು ಮಂದಿಗೆ ಮಾಡಿದ್ದನ್ನು ಒಬ್ಬನೇ ಸುರಿದುಕೊಂಡು, ಬಟ್ಟಲನ್ನು ಬೆರಳಿನಿಂದ ಬಳಿದ.

"ಇವತ್ತ ರುಚಿ ಹತ್ತಿತು ನೋಡು. ನಿಮ್ಮವ್ವನ ಕೈಗುಣ ನಿನಗ ಬಂದದ."

ಅವಳು ಆಮೇಲೆ ಉಳಿದ ಪಲ್ಯ ರೊಟ್ಟಿ ಉಂಡಳು. ಪಚಡಿ ಮುಗಿದದ್ದಕ್ಕೆ ಅವಳಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ.

ಸೋಮವಾರ ಮಧ್ಯಾಹ್ನ ಎರಡಕ್ಕೇ ಶಿವಬಸಪ್ಪ ಮನೆಗೆ ಬಂದ. ಗೋಡೆ ಹಿಡಿದುಕೊಂಡು ಬಂದ. ಜ್ವರವಿಲ್ಲ, ಹೊಟ್ಟೆನೋವೂ ಇಲ್ಲ.

"ಎಲ್ಲಾ ಎರಡೆರಡು ಕಾಣ್ಲಿಕ್ಕತ್ತಾವ," ಅಂದ. ನಾಲಿಗೆ ದಪ್ಪವಾಗಿತ್ತು. "ಟೇಸನ್ದಾಗ ಎರಡ ರೈಲು ನಿಂತಿದ್ವು."

ನೀಲಗಂಗಾ ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಲಗಿದರೆ ಸರಿಹೋಗುತ್ತದೆ ಅಂದಳು. ಹೀಗೆ ಮೂರು ಗಂಟೆ ಹೋಯಿತು. ಐದಕ್ಕೆ ನೀರು ಕೊಟ್ಟರೆ ಅದು ಗಂಟಲಿಗಿಳಿಯದೆ ಮೂಗಿನಿಂದ ಬಂತು. ಅವನ ಕಣ್ಣುರೆಪ್ಪೆಗಳು ಅರ್ಧಕ್ಕೆ ಇಳಿದು ನಿಂತಿದ್ದವು. ಅವಳು ಬರಿಗಾಲಲ್ಲಿ ಮೇಲಕ್ಕೆ ಓಡಿದಳು.

ದ್ವಾರಕಾನಾಥರು ಬಂದು ಅವನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಬಿಟ್ಟರು. ಅದು ತಾನಾಗಿಯೇ ಮತ್ತೆ ಕೆಳಗಿಳಿಯಿತು.

"ನಿನ್ನೆ ಇವರು ತಿಂದು, ನೀವು ತಿನ್ನದೇ ಇರೋದು ಏನಾದ್ರೂ ಇದೆಯಾ?"

"ಪಚಡಿ. ಅವ್ರಿಗೇ ಆಗಿಬಿಡ್ತು."

"ಯಾತರದ್ದು?"

ಅವಳು ಕಿಟಕಿಯ ಡಬ್ಬಿ ತಂದುಕೊಟ್ಟಳು. ಅವರು ಅದನ್ನು ತಿರುಗಿಸಿ ಅಂಚು ನೋಡಿದರು.

"ಮುಚ್ಚಳ ಉಬ್ಬಿತ್ತಾ?"

"ಬಿಗಿ ಇತ್ರೀ. ಒತ್ತಿದ್ರ ಬಗ್ಗಲಿಲ್ಲ. ಉಳದವೆಲ್ಲಾ ತಗ್ಗ ಇದ್ವು, ಹಳೇವು. ನಾ ಎಲ್ಲಾ ಒತ್ತಿ ನೋಡೇ ತಂದೇನಿ."

ದ್ವಾರಕಾನಾಥರು ಒಳ್ಳೆಯವರು. ಆ ಹೊತ್ತಿನಲ್ಲಿ ಏನೂ ಹೇಳಬಾರದಿತ್ತು, ಆದರೂ ಬಾಯಿಂದ ಬಂದುಬಿಟ್ಟಿತು. "ಡಬ್ಬಿ ತಗ್ಗಾಗೇ ಇರ್ಬೇಕಮ್ಮ. ಒಳಗೆ ವಿಷ ಹುಟ್ಟಿದ್ರೆ ಮಾತ್ರ ಉಬ್ಬೋದು."

ಆಂಬುಲೆನ್ಸ್‌ಗೆ ಫೋನ್ ಮಾಡಿದವರು ಅಂಗಡಿಗೂ ಫೋನ್ ಮಾಡಿದರು. ಮ್ಯಾನೇಜರ್ ಆ ಸಾಲಿನ ಒಂದೊಂದು ಡಬ್ಬಿಯನ್ನೂ ಎತ್ತಿ ನೋಡಿ ಅರ್ಧ ಗಂಟೆಯ ಮೇಲೆ ತಿರುಗಿ ಹೇಳಿದ. ಉಬ್ಬಿದ ಡಬ್ಬಿ ಇನ್ನೊಂದಿರಲಿಲ್ಲ. ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿದ್ದರೂ ಸಾಕಾಗಿತ್ತು.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಯಂತ್ರ ಅವನಿಗಾಗಿ ಉಸಿರಾಡುತ್ತಿತ್ತು. ಮದ್ದು ವಿಮಾನದಲ್ಲಿ ಬಂದಿತ್ತು. ಅದು ಮುಂದಿನದನ್ನು ತಡೆಯಬಹುದು, ಆಗಿಹೋದದ್ದನ್ನು ಬಿಡಿಸಲಾರದು ಎಂದು ದ್ವಾರಕಾನಾಥರು ಹೇಳಿದ್ದರು. ಗುಣವಾಗಲು ವಾರಗಳಾಗಬಹುದು, ತಿಂಗಳುಗಳೇ ಆಗಬಹುದು, ಗುಣವಾಗದೆಯೂ ಇರಬಹುದು. ರೆಪ್ಪೆ ಎತ್ತಲಾಗದಿದ್ದರೂ ಶಿವಬಸಪ್ಪನಿಗೆ ಎಲ್ಲವೂ ಕೇಳಿಸುತ್ತದಂತೆ, ಬುದ್ಧಿಯೆಲ್ಲ ಸ್ವಚ್ಛವಾಗಿದೆಯಂತೆ. ಬೆರಳಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಬಲ ಉಳಿದಿರಬಹುದು, ಹಿಡಿದು ಒತ್ತಿದರೆ ತಿರುಗಿ ಒತ್ತಿಯಾನು.

ನರ್ಸ್ ಅವನ ಕೈಯನ್ನು ಹೊದಿಕೆಯ ಮೇಲೆ ತೆಗೆದಿಟ್ಟು, ನೀಲಗಂಗಾಳ ಕಡೆ ತಿರುಗಿ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು: ಮುಟ್ಟಿ, ಪರವಾಗಿಲ್ಲ, ಒತ್ತಿ ನೋಡಿ.

ಅವಳಿಗೆ ಅರ್ಥವಾಯಿತು. ಹಾಸಿಗೆಯ ಪಕ್ಕದಲ್ಲಿ ಅವಳು ನಿಂತೇ ಇದ್ದಳು, ಎರಡೂ ಕೈ ಕೋಟಿನ ಕಿಸೆಯಲ್ಲಿದ್ದವು.