ಅತ್ತೆಯ ಪಕ್ಕದ ಮನೆ

ನನಗಿಂತ ಮೂವತ್ತು ವರ್ಷ ದೊಡ್ಡವನಾದ ಅಳಿಯನೊಬ್ಬ ನನಗಿದ್ದಾನೆ. ನನಗೆ ಮದುವೆಯಾಗಿಲ್ಲ, ಹೆತ್ತ ಮಗಳೂ ಇಲ್ಲ. ಆದರೂ ಅವನು ಅಳಿಯನೇ. ನಮ್ಮ ಮೂಲನಿವಾಸಿಗಳಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿನಿಂದಲೇ ಒಂದು ಬಳಿ, ಎಂದರೆ ಕುಲ, ಇರುತ್ತದೆ, ಯಾರು ಯಾರಿಗೆ ಏನಾಗಬೇಕು ಎನ್ನುವುದು ಅದರಿಂದಲೇ. ನಾನು ನಪಂಗಾರ್ಡಿ ಬಳಿಯವಳು, ಅವನ ಹೆಂಡತಿ ನಂಗಾಲ ಬಳಿಯವಳು. ನಂಗಾಲರೆಲ್ಲ ನಪಂಗಾರ್ಡಿಗಳಿಗೆ ಮಕ್ಕಳು. ಹಾಗಾಗಿ ಅವನ ಹೆಸರನ್ನು ನಾನು ಬಾಯಲ್ಲಿ ಹೇಳುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅತ್ತೆ ಅಳಿಯ ಮುಖ ನೋಡಬಾರದು, ಮಾತಾಡಬಾರದು, ಒಂದೇ ಕಾರಿನಲ್ಲಿ ಕೂರಬಾರದು. ಜಗಳವಾಗಿ ಬಿಟ್ಟ ಮಾತಲ್ಲ ಇದು, ನಮ್ಮಲ್ಲಿ ಮರ್ಯಾದೆ ಎಂದರೇ ಹೀಗೆ.

ಇಂಥ ನಾನು ಆಲಿಸ್ ಸ್ಪ್ರಿಂಗ್ಸಿನಲ್ಲಿ ನಮ್ಮವರಿಗೆ ಮನೆ ಹುಡುಕಿಕೊಡುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ನೀರಿಲ್ಲದ ಟಾಡ್ ನದಿಯ ಮರಳಿನಲ್ಲಿ ಮಲಗುವವರು, ಗುಡ್ಡದ ಬುಡದಲ್ಲಿ ಮಲಗುವವರು, ಎಲ್ಲರ ವಿವರವೂ ನನ್ನ ಮೇಜಿಗೆ ಬರುತ್ತದೆ. ಯಾರಿಗೆ ಕಾಯಿಲೆ, ಯಾರಿಗೆ ಚಿಕ್ಕ ಮಕ್ಕಳು ಎಂದು ನೋಡಿ ಅಂಕ ಕೊಡುವ ಪದ್ಧತಿಯನ್ನು ಕಟ್ಟಿದವಳೂ ನಾನೇ. ಸೋಮವಾರ ಬೆಳಿಗ್ಗೆ ಖಾಲಿ ಮನೆಗಳನ್ನೂ ಕಾಯುತ್ತಿರುವ ಜನರನ್ನೂ ಕಂಪ್ಯೂಟರಿಗೆ ಕೊಟ್ಟರೆ ಅದು ಇಂಥವರಿಗೆ ಇಂಥ ಮನೆ ಎಂದು ಹೊಂದಿಸಿಕೊಡುತ್ತದೆ. ನನ್ನ ಅಕ್ಕ ಐರಿಸ್ ಇದನ್ನು ಮದುವೆ ದಲ್ಲಾಳಿ ಕೆಲಸ ಎನ್ನುತ್ತಾಳೆ.

ಜೂನ್ ಎಂದರೆ ನಮ್ಮಲ್ಲಿ ಚಳಿಗಾಲ, ಆ ತಿಂಗಳ ಒಂದು ಸೋಮವಾರ ಪಟ್ಟಿಯ ಮೊದಲ ಸಾಲಿಗೆ ಬಂದವನು ನನ್ನ ಅಳಿಯ. ಹೆಸರುಗಳ ಕಾಲಂ ಮುಚ್ಚಿಟ್ಟು ಸಂಖ್ಯೆಯನ್ನಷ್ಟೇ ನೋಡುವುದು ನನ್ನ ರೂಢಿ. ಆದರೂ ಅವನ ಸಂಖ್ಯೆ ನನಗೆ ಗೊತ್ತು. ಕಿಡ್ನಿ ಎರಡೂ ಕೆಟ್ಟಿವೆ. ತನ್ನ ಊರಾದ ಯುಯೆಂಡುಮುವಿನಲ್ಲಿ ಡಯಾಲಿಸಿಸ್ ಕುರ್ಚಿ ಖಾಲಿ ಇಲ್ಲವೆಂದು ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದು ನದಿಯಲ್ಲಿ ಮಲಗುತ್ತಿದ್ದ. ಎರಡು ಸಲ ಕೊಟ್ಟ ಮನೆಯನ್ನು ಬೇಡ ಎಂದಿದ್ದ. ಮೂರನೆಯ ಸಲವೂ ಬೇಡ ಎಂದರೆ ಎರಡು ವರ್ಷ ಪಟ್ಟಿಯಿಂದ ಹೊರಗೆ. ಅದು ಡಾರ್ವಿನ್‌ನಲ್ಲಿ ಕೂತು ನಮಗೆ ಹಣ ಕೊಡುವವರ ನಿಯಮ.

ಈ ಸಲ ಸಿಕ್ಕಿದ್ದು ಒಳ್ಳೆಯ ಮನೆ. ಮೆಟ್ಟಿಲಿಲ್ಲ, ಡಯಾಲಿಸಿಸ್ ಕೇಂದ್ರ ಹತ್ತಿರ. ವಿಳಾಸ ನೋಡಿ ನನಗೆ ನಗು ಬಂತು. ಅದು ನನ್ನ ಪಕ್ಕದ ಮನೆ. ಎರಡಕ್ಕೂ ಒಂದೇ ಗೋಡೆ, ಒಂದೇ ಗೇಟು, ಬಟ್ಟೆ ಒಣಹಾಕಲು ಒಂದೇ ತಂತಿ. ನನ್ನ ಜಾಣ ಕಂಪ್ಯೂಟರ್ ಅಳಿಯನನ್ನು ತಂದು ಅತ್ತೆಯ ಮಗ್ಗುಲಲ್ಲೇ ಕೂರಿಸಿತ್ತು.

ನಮ್ಮ ಕಚೇರಿಯಲ್ಲಿ ಮನೆ ಕೇಳಿ ಬರುವವರ ಹೆಸರು ಬರೆದುಕೊಳ್ಳುವ ಬ್ರಿಜೆಟ್ ಅಡಿಲೇಡಿನ ಬಿಳಿ ಹುಡುಗಿ, ಒಳ್ಳೆಯ ಮನಸ್ಸು, ಅವಸರದ ಬಾಯಿ.

"ಹಿಂದಿನ ಎರಡು ಮನೇನೂ ಚೆನ್ನಾಗೇ ಇತ್ತು ಕಣೆ. ಯಾಕೆ ಬೇಡ ಅಂತ ಕೇಳಿದ್ರೆ ನೆಲ ನೋಡ್ತಾ ನಿಂತ್ಬಿಟ್ಟ," ಎಂದಳು.

ನಾನು ಆ ವಿಳಾಸಗಳನ್ನು ತೆಗೆದು ನೋಡಿದೆ. "ಮೊದಲನೇದರ ಅಂಗಳದಲ್ಲಿ ಒಬ್ಬಳು ಮುದುಕಿ ನಪಂಗಾರ್ಡಿ ಇದಾಳೆ. ಅವಳೂ ಅವನಿಗೆ ಅತ್ತೇನೇ. ಎರಡನೇದರಲ್ಲಿ ಆಗಷ್ಟೇ ಸಾವಾಗಿತ್ತು. ಹೊಗೆ ಹಾಕಿಸಿ ಸೂತಕ ಕಳೀದೆ ಆ ಮನೆಗೆ ಯಾರು ಕಾಲಿಡ್ತಾರೆ?"

"ಹಾಗಂತ ಹೇಳ್ಬಾರ್ದಾ ಮತ್ತೆ?"

"ಗುರುತಿಲ್ಲದ ಹುಡುಗಿ ಹತ್ರ ಅತ್ತೆ ವಿಷಯ ಎತ್ತೋಕೆ ನಾಚಿಕೆ ಆಗಲ್ವಾ?"

"ಸರಿ, ಹಾಗಾದ್ರೆ ಈ ಸಲ ನೀನೇ ಹೋಗಿ ಮಾತಾಡು."

"ನಾನೂ ಅವನ ಅತ್ತೆ."

ಬ್ರಿಜೆಟ್ ನನ್ನ ಹರಿದ ಜೀನ್ಸನ್ನೂ ಕೆಂಪು ಬಣ್ಣ ಬಳಿದ ಕೂದಲನ್ನೂ ನೋಡಿದಳು. "ಅವನಿಗೆ ಅರವತ್ತು ದಾಟಿದೆ!"

"ಏನ್ಮಾಡೋದು, ಅಳಿಯಂದಿರು ಬೇಗ ಬೆಳೀತಾರೆ."

ಮಧ್ಯಾಹ್ನ ನದಿಗೆ ಹೋದೆ. ಕಾರನ್ನು ದೂರದಲ್ಲೇ ನಿಲ್ಲಿಸಿ ಹಾರ್ನ್ ಮಾಡಿದೆ. ಮರದ ಕೆಳಗಿದ್ದ ಗಂಡಸು ನನ್ನ ಕಾರು ಗುರುತು ಹಿಡಿದು, ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಬೆನ್ನು ತಿರುಗಿಸಿ ಕೂತ. ನಾನೂ ಮುಖ ತಿರುಗಿಸಿದೆ. ಕೆಮ್ಮು ಮಾತ್ರ ಕೇಳುತ್ತಿತ್ತು. ಅವನ ಹೆಂಡತಿ ನಂಗಾಲ ಮರಳಲ್ಲಿ ಕಾಲೆಳೆಯುತ್ತ ಬಂದಳು. ನನ್ನ ತಾಯಿಯ ವಯಸ್ಸಿನವಳು, ನನ್ನನ್ನು ಅವ್ವ ಎನ್ನುತ್ತಾಳೆ.

"ಅವ್ವಾ, ಚಹಾ ಪುಡಿ ತಂದ್ಯಾ?"

"ತಂದೀನಿ ಮಗಳೇ. ಮನೆ ಸುದ್ದೀನೂ ತಂದೀನಿ."

ಯಾವ ಮನೆ ಎಂದು ಗೊತ್ತಾದಾಗ ಅವಳು ತೊಡೆ ತಟ್ಟಿಕೊಂಡು ನಕ್ಕಳು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು.

"ಈ ಚಳಿಗಾಲ ದಾಟಲ್ಲ ಅವ್ವಾ ನಿನ್ನ ಅಳಿಯ. ಬೆಳಗಾದ್ರೆ ಕಂಬಳಿ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿರುತ್ತೆ. ಇದಾನೋ ಇಲ್ವೋ ಅಂತ ದಿನಾ ಮುಟ್ಟಿ ನೋಡ್ತೀನಿ."

"ಹಾಗಾದ್ರೆ ಹೂಂ ಅನ್ಸು."

"ನಿನ್ನ ಗೇಟು ದಾಟೋದಕ್ಕಾ? ಅದರ ಬದಲು ಈ ಮರಳಲ್ಲೇ ಹೂತ್ಕೊಂಡಾನು."

"ನಾನು ಆ ಮನೆ ಬಿಟ್ರೆ?"

ನಂಗಾಲ ಮರದ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ಬಾಯ್ಮುಚ್ಚು. ಅತ್ತೇನ ಹೊರಗಟ್ಟಿ ಒಳಗೆ ಮಲಗಿದೋನು ಅಂತ ಅನ್ನಿಸ್ಕೋಬೇಕಾ ಅವನು?"

ಕಚೇರಿಗೆ ಬಂದು ಮತ್ತೆ ಕಂಪ್ಯೂಟರ್ ಮುಂದೆ ಕೂತೆ. ಅವನನ್ನು ಈ ಸಲ ಬಿಟ್ಟು ಮುಂದಿನ ಮನೆಗೆ ಕಾಯಿಸಿದರೆ ಹೇಗೆ? ಹಿಂದಿನ ವರ್ಷಗಳ ಅಂಕಿಗಳನ್ನೆಲ್ಲ ಜೋಡಿಸಿದೆ. ಮೆಟ್ಟಿಲಿಲ್ಲದ, ಡಯಾಲಿಸಿಸ್‌ಗೆ ಹತ್ತಿರದ ಮನೆ ಖಾಲಿಯಾಗುವುದು ಅದರಲ್ಲಿದ್ದ ರೋಗಿ ಸತ್ತಾಗ ಮಾತ್ರ. ಎಂದರೆ ಬೇರೆ ಯಾರೋ ಒಬ್ಬರು ನನ್ನ ಅಳಿಯನಿಗಿಂತ ಮೊದಲು ಸಾಯುವ ಸಂಭವ ಎಷ್ಟು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿ ಕಂಪ್ಯೂಟರ್ ಆರಿಸಿದೆ.

ಸಂಜೆ ಐರಿಸಳ ಮನೆಗೆ ಹೋದೆ. ಅದು ಮನೆಯಲ್ಲ, ಸಂತೆ. ಅವಳ ಮಕ್ಕಳು, ಮೊಮ್ಮಕ್ಕಳು, ಊರಿಂದ ಆಸ್ಪತ್ರೆಗೆಂದು ಬಂದು ಉಳಿದವರು, ಅವರ ನಾಯಿಗಳು.

"ಅಕ್ಕಾ, ಯಾರು ಯಾರ ಪಕ್ಕ ಇರಬಾರದು ಅಂತ ಒಂದು ಕಾಲಂ ಸೇರಿಸಿದ್ರೆ ಹೇಗೆ? ಆಮೇಲೆ ಕಂಪ್ಯೂಟರೇ ನೋಡ್ಕೊಳ್ಳುತ್ತೆ."

ಐರಿಸ್ ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಸೇರಿಸು. ನಾಳೆ ಡಾರ್ವಿನ್ನೋರು, ನೋಡಿ, ಇವರಿಗೆ ಇವರೇ ಅಡ್ಡ ಅಂತಾರೆ. ಯಾರಿಗೆ ಯಾರು ಅತ್ತೆ ಅನ್ನೋದು ನಮ್ಮ ಬಾಯಲ್ಲಿರಲಿ ಕಣೆ, ಅವರ ಪೆಟ್ಟಿಗೇಲಿ ಯಾಕೆ?"

ಅವಳ ಮಾತು ನನಗೆ ಅರ್ಧ ಒಪ್ಪಿಗೆ. ನಮ್ಮ ಸಂಬಂಧಗಳನ್ನು ಬರೆದುಕೊಂಡು ಹೋದವರು ಅದರಿಂದ ನಮಗೆ ಒಳ್ಳೆಯದು ಮಾಡಿದ್ದನ್ನು ನಾನು ಕಂಡಿಲ್ಲ. ಇನ್ನರ್ಧ ಒಪ್ಪಿಗೆಯಿಲ್ಲ, ಬರೆಯದೆ ಬಿಟ್ಟರೆ ಕಂಪ್ಯೂಟರಿಗೆ ಅವನು ಬರೀ ಹಟಮಾರಿ. ಈ ಎರಡರ ನಡುವೆ ದಾರಿ ಹುಡುಕಲು ವರ್ಷಗಳು ಬೇಕು, ಹಿರಿಯರು ಕೂತು ಮಾತಾಡಬೇಕು. ನದಿಯಲ್ಲಿ ಅವನಿಗೆ ಅಷ್ಟು ಸಮಯವಿರಲಿಲ್ಲ.

"ನಿನ್ನ ಮುಂದಿನ ಕೋಣೇಲಿ ಒಂದು ಹಾಸಿಗೆಗೆ ಜಾಗ ಇದ್ಯಾ?" ಎಂದೆ.

"ಯಾರಿಗೆ?"

"ನಂಗೆ. ನಿನ್ನ ಮೊಮ್ಮಕ್ಕಳ ಕಾಟ ತಡೆಯೋಕಾಗದೆ ತಂಗೀನ ಕರೆಸ್ಕೊಂಡೆ ಅಂತ ಊರಿಗೆಲ್ಲ ಹೇಳು."

ಐರಿಸ್ ನನ್ನನ್ನೇ ನೋಡಿದಳು. ಅವಳಿಗೂ ಅವನು ಅಳಿಯನೇ. "ಸುಳ್ಳು ಹೇಳೋಕೂ ಒಂದು ಅಳತೆ ಬೇಡ್ವಾ? ನೀನು ಮಕ್ಕಳನ್ನ ನೋಡ್ಕೊಳ್ಳೋದನ್ನ ಯಾರಾದ್ರೂ ನಂಬ್ತಾರಾ?" ಎಂದು ಎದ್ದು, ಮೂಲೆಯಲ್ಲಿ ಮಲಗಿದ್ದ ನಾಯಿಯನ್ನು ಕಾಲಲ್ಲಿ ಸರಿಸಿ ಜಾಗ ಮಾಡಿದಳು.

ನಾನು ತ್ಯಾಗಮಯಿಯಲ್ಲ. ಆ ಮನೆ ನನಗೆ ಪ್ರಾಣ. ಹುಟ್ಟಿದಾಗಿನಿಂದ ನಾಲ್ಕು ಜನರ ನಡುವೆ ಮಲಗಿದವಳಿಗೆ ಸಿಕ್ಕಿದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಮೊದಲ ಬಾಗಿಲು ಅದು. ಸಂಬಳ ಬರುವವಳಿಗೆ ಇನ್ನೊಂದು ಮನೆ ಸಿಗುವುದು ಸುಲಭವಲ್ಲ. ನಾನೇ ಕಟ್ಟಿದ ಅಂಕದ ಪದ್ಧತಿಯಲ್ಲಿ ನನ್ನಂಥವಳ ಜಾಗ ತಳದಲ್ಲಿದೆ. ಖಾಲಿ ಮಾಡುವ ದಿನ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅಳಿಯನನ್ನು ಬೈದೆ, ಬಳಿಯನ್ನು ಬೈದೆ, ಈ ಸಂಬಂಧಗಳನ್ನೆಲ್ಲ ಮಾಡಿಟ್ಟುಹೋದ ಹಿರಿಯರನ್ನೂ ಬೈದೆ. ಆಮೇಲೆ ಮುಖ ತೊಳೆದು ಬೀಗದ ಕೈ ಒಪ್ಪಿಸಿ ಬಂದೆ.

ನಾನು ಮನೆ ಬಿಟ್ಟ ಮೇಲೆ ಬ್ರಿಜೆಟ್ ನದಿಗೆ ಹೋಗಿ ಕೇಳಿದಳು. ಪಕ್ಕದಲ್ಲಿ ಯಾರಿದ್ದಾರೆ ಎಂದನಂತೆ. ಯಾರೂ ಇಲ್ಲ ಎಂದಳಂತೆ. ಅವನು ಹೂಂ ಎಂದು ತಲೆಯಾಡಿಸಿದ, ಎಂದು ಬ್ರಿಜೆಟ್ ಕುಣಿಯುತ್ತ ಬಂದು ಹೇಳಿದಳು.

ಮುಂದಿನ ಶನಿವಾರ ನಂಗಾಲ ಐರಿಸಳ ಮನೆಗೆ ಬಂದಳು. ಕೈಯಲ್ಲಿ ಬೂದಿ ಮೆತ್ತಿದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಕಾಂಗರೂ ಬಾಲ, ಇನ್ನೂ ಬಿಸಿ.

"ಅಲ್ಲಿರೋ ಅವ್ವನಿಗೆ ಕೊಟ್ಬಾ ಅಂದ. ಬೇರೇನೂ ಅನ್ನಲಿಲ್ಲ."

"ಗೊತ್ತಾಯ್ತಾ ಅವನಿಗೆ?"

"ಅವನಿಗೆ ಕೆಟ್ಟಿರೋದು ಕಿಡ್ನಿ ಅವ್ವಾ, ತಲೆ ಅಲ್ಲ."

ಅತ್ತೆಗೆ ಮಾಂಸ ಕಳಿಸುವುದು ಅಳಿಯನ ಕರ್ತವ್ಯ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಆ ಕೈಗೆ ಬೆಂಕಿ ಮಾಡಿ, ಕೂದಲು ಸುಟ್ಟು, ಹದವಾಗಿ ಬೇಯಿಸುವಷ್ಟು ಶಕ್ತಿ ಬಂದಿತ್ತಲ್ಲ. ನನ್ನ ಪಾಲಿಗೆ ಬಾಲದ ತುದಿ ಮಾತ್ರ ಉಳಿಯಿತು. ಆ ಮನೆಯಲ್ಲಿ ಅಷ್ಟು ಉಳಿದದ್ದೇ ಹೆಚ್ಚು.

ತಿಂಗಳ ಕೊನೆಗೆ ಮನೆಯಿಲ್ಲದವರ ಲೆಕ್ಕವನ್ನು ಡಾರ್ವಿನ್ನಿಗೆ ಕಳಿಸಬೇಕಿತ್ತು. ಬಂಧುಗಳ ಮನೆಯ ನೆಲದಲ್ಲಿ ಒತ್ತೊತ್ತಾಗಿ ಮಲಗುವವರೂ ನಮ್ಮ ಲೆಕ್ಕದಲ್ಲಿ ಮನೆಯಿಲ್ಲದವರೇ. ಬೇರೆಯವರನ್ನು ಬರೆದು ನನ್ನನ್ನು ಬಿಟ್ಟರೆ ಅದು ಸುಳ್ಳು ಲೆಕ್ಕ. ಪಟ್ಟಿಯಿಂದ ಅಳಿಯನನ್ನೂ ನಂಗಾಲಳನ್ನೂ ತೆಗೆದೆ, ನನ್ನದೇ ಒಂದು ಹೊಸ ಸಾಲು ಸೇರಿಸಿದೆ.

ಡಾರ್ವಿನ್ನಿನ ಅಧಿಕಾರಿ ಡಂಕನ್ ಪರದೆಯ ಮೇಲೆ ಬಂದು, ಹೆಸರಿಲ್ಲದ ಪಟ್ಟಿಯನ್ನು ಓದುತ್ತ ಹೋದ. ಕೆಟ್ಟವನಲ್ಲ, ಹೊಸ ಸಾಲುಗಳನ್ನು ಒಂದೊಂದಾಗಿ ನಿಂತು ಕೇಳುತ್ತಾನೆ.

"ಇದೇನಿದು ವಿಚಿತ್ರ? ಹೆಂಗಸು, ಕೆಲಸ ಇದೆ, ಬಾಡಿಗೆ ಒಂದು ದಿನಾನೂ ತಪ್ಪಿಸಿಲ್ಲ. ಒಳ್ಳೇ ಮನೆ ತಾನಾಗೇ ಬಿಟ್ಟು ಹೋಗಿ ಅಕ್ಕನ ಮನೆ ನೆಲದ ಮೇಲೆ ಮಲಗ್ತಿದಾಳೆ. ಯಾಕೆ, ಕುಡಿತಾಳಾ?"

ಬ್ರಿಜೆಟ್ ಕಿಟಕಿಯ ಕಡೆ ತಿರುಗಿದಳು.

"ಇಲ್ಲ ಡಂಕನ್," ಎಂದೆ. "ಅವಳಿಗೊಬ್ಬ ಅಳಿಯ ಇದಾನೆ."