ಕುದುರೆ ಅಜ್ಜಿಯ ಸಾಕ್ಷಿ

"ಯಾವ ಅಜ್ಜಿನೇ?" ಎಂದು ಮಾಲಿನಿ ಕೂಗಿದ ಕೂಗಿಗೆ ಶೆಟ್ಟಿಹಳ್ಳಿಯ ವಠಾರದಲ್ಲಿ ಪಕ್ಕದ ಮನೆಯವರು ಮಿಕ್ಸಿ ನಿಲ್ಲಿಸಿ ಕಿವಿಗೊಟ್ಟರು.

ಪಲ್ಲವಿಗೆ ಅದರ ಪರಿವೆಯೇ ಇಲ್ಲ. ದೋಸೆಯ ಚೂರನ್ನು ಎಡಗೈಯಲ್ಲಿ ಚಟ್ನಿಗೆ ಅದ್ದುತ್ತಾ, "ಅದೇ ಅಮ್ಮ, ಕುದುರೆ ಅಜ್ಜಿ. ಬಸ್ಸಲ್ಲಿ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ರಲ್ಲ. ಅವರ ಕುಣಿಗಲ್ ಫಾರಮ್ಮಲ್ಲಿ ಕುದುರೆ ಮರಿ ಹುಟ್ಟಿತ್ತಂತೆ, ನಿಂತ್ಕೊಳ್ಳಕ್ಕೆ ಹೋಗಿ ಅಜ್ಜಿ ಮೇಲೇ ಬಿತ್ತಂತೆ" ಎಂದಳು.

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ವೇ?"

"ನೀವು ಕೇಳಲೇ ಇಲ್ವಲ್ಲ."

ಅದೂ ನಿಜವೇ. ಎಲ್ಲಿ ನೋಯುತ್ತೆ, ಕೈ ಎಷ್ಟು ಚಾಚುತ್ತೀಯ ಎಂದು ಡಾಕ್ಟರಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಕೇಳಿದ್ದರು. ಬಸ್ಸಿನಲ್ಲಿ ಯಾರ ತೊಡೆಯ ಮೇಲೆ ಕೂತಿದ್ದೆ ಎಂದು ಆ ಮಗುವನ್ನು ಯಾರೂ ಕೇಳಿರಲಿಲ್ಲ.

ಹೋದ ವರ್ಷ ಗುಬ್ಬಿಯ ತವರಿಗೆ ಹೊರಟಿದ್ದಾಗ ಖಾಸಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಥ ಹೊತ್ತಿನಲ್ಲಿ ಸೀಟು ಸಿಕ್ಕವರು ನಿಂತವರ ಬ್ಯಾಗನ್ನೋ ಕೂಸನ್ನೋ ತಾವಾಗಿಯೇ ಈಸಿಕೊಳ್ಳುತ್ತಾರೆ. ಹೆಸರು ಕೇಳುವವರಿಲ್ಲ, ಹೇಳುವವರಿಲ್ಲ. ಹಾಗೆಯೇ ಪಲ್ಲವಿ ಕೈಯಿಂದ ಕೈಗೆ ದಾಟಿ ಮುಂದಿನ ಸೀಟಿನ ಯಾರದೋ ಮಡಿಲು ಸೇರಿದ್ದಳು. ಗುಬ್ಬಿಯಲ್ಲಿ ಮಾಲಿನಿ ಹಿಂಬಾಗಿಲಿನಿಂದ ಇಳಿಯುವಷ್ಟರಲ್ಲಿ ಬಸ್ಸು ಧಡಕ್ಕನೆ ಮುಂದಕ್ಕೆ ಹೋಯಿತು. ಮುಂಬಾಗಿಲ ಕೆಳಗೆ ಮಗು ಬಿದ್ದಿತ್ತು, ಬಲಮೊಣಕೈ ಚೂರಾಗಿತ್ತು.

ಒಂದು ಆಪರೇಷನ್ ಆಗಿದ್ದರೂ ಕೈ ನೆಟ್ಟಗಾಗಲಿಲ್ಲ. ಬೆಳೆಯುವ ವಯಸ್ಸು, ಇನ್ನೊಂದನ್ನು ಬೇಗ ಮಾಡಿಸಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಗಂಡ ಬಸವಪ್ರಭುವಿನ ಗೂಡ್ಸ್ ಆಟೊ ದುಡಿಮೆಯಲ್ಲಿ ಅದು ಆಗುವ ಮಾತಲ್ಲ. ಪರಿಹಾರದ ಕೇಸೊಂದೇ ದಾರಿ. ಬಸ್ಸಿನವರು ಮಾತ್ರ, "ಆ ಮಗು ನಮ್ಮ ಬಸ್ಸಲ್ಲೇ ಇರಲಿಲ್ಲ, ರಸ್ತೆಯಿಂದ ಓಡಿಬಂದು ಬಡಿದುಕೊಂಡಿತು, ಅದಕ್ಕೇ ಟಿಕೆಟ್ ಇಲ್ಲ" ಎಂದು ಹಟ ಹಿಡಿದಿದ್ದರು. ಕಂಡಕ್ಟರು ಹಾಗೆಂದು ಸಾಕ್ಷಿಯನ್ನೂ ಹೇಳಿಯಾಗಿತ್ತು. ಟಿಕೆಟ್ ಕಳೆದುಹೋಯಿತು ಎಂದು ಮಾಲಿನಿ ಲಾಯರ್ ಅನಂತರಾಜುಗೆ ಹೇಳಿದ್ದಳು. ಅದು ಸುಳ್ಳು. ಮಗುವಿಗೆ ಟಿಕೆಟ್ ತೆಗೆದುಕೊಂಡೇ ಇರಲಿಲ್ಲ.

"ರೀ, ಸ್ಕೂಟರ್ ತೆಗೀರಿ!"

"ತಿಂಡಿ ತಿನ್ನಕ್ಕಾದ್ರೂ ಬುಡೇ."

"ಕುಣಿಗಲ್ಲಲ್ಲಿ ತಿನ್ನೋರಂತೆ, ಎದ್ದೇಳಿ!"

ಮೂವರೂ ಒಂದೇ ಸ್ಕೂಟರಿನಲ್ಲಿ ಹೊರಟರು. ದಾರಿಯುದ್ದಕ್ಕೂ ಮಾಲಿನಿ ಮಗಳನ್ನು ಕೆದಕಿ ಕೆದಕಿ ಕೇಳಿದಳು. ಅಜ್ಜಿ ಎತ್ತರವೇ, ಕುಳ್ಳೇ? "ಕೂತಿದ್ರಲ್ಲಮ್ಮ, ಹೆಂಗೆ ಗೊತ್ತಾಗುತ್ತೆ?" ಎಂದಳು ಪಲ್ಲವಿ.

ಕುದುರೆ ಫಾರಂ ಎದುರಿನ ಟೀ ಅಂಗಡಿಯವನು ಪ್ರಶ್ನೆ ಕೇಳಿ ನಕ್ಕುಬಿಟ್ಟ.

"ಕುದ್ರೆ ಮೈಮ್ಯಾಲೆ ಬಿದ್ದಿದ್ದಾ? ಆ ಕತೇನ ಈ ಊರಲ್ಲಿ ಕೇಳ್ದೇ ಇರೋ ನಾಯಿನೂ ಇಲ್ಲ ಕಣಕ್ಕ. ಪುಟ್ಟಗಂಗಮ್ಮ. ಹುಲ್ಲು ಕುಯ್ಯಕ್ಕೆ ಹೋಯ್ತಾಳೆ. ಮುಂದ್ಲ ಬೀದಿ, ನೀಲಿ ಬಾಗ್ಲು. ಮಾತಾಡ್ಸಿದ್ರೆ ಮಾತ್ರ ಸಂಜೆಗಂಟ ಬುಡಲ್ಲ, ನೋಡ್ಕಳಿ."

ಆದರೆ ನೀಲಿ ಬಾಗಿಲು ತೆರೆದ ಮುದುಕಿ ಒಂದು ಮಾತನ್ನೂ ಆಡಲಿಲ್ಲ. ಮಾಲಿನಿಯನ್ನು ನೋಡಿದಳು, ಅವಳ ಹಿಂದೆ ಇಣುಕುತ್ತಿದ್ದ ಪಲ್ಲವಿಯನ್ನು ನೋಡಿದಳು. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತಳು.

"ಕೂಸು ಬದುಕೈತಾ?"

"ಬದುಕಿದಾಳೆ ಕಣಜ್ಜಿ! ನೋಡಿ!"

"ನಾನೇ ಕಣವ್ವ ಕೈ ಹಿಡಿದು ಇಳಿಸ್ತಿದ್ದೆ. ಒಂದು ಕಾಲು ನೆಲಕ್ಕೆ ಊರಿತ್ತು, ಪಾಪಿ ಬಸ್ಸು ಬುಟ್ಟೇಬುಟ್ಟ. ನನ್ನ ಕೈಲಿದ್ದ ಕೈ ಜಾರೋಯ್ತು. ಆ ರಗುತ ನೋಡಿ, ಹೋಗೇಬುಡ್ತು ಕೂಸು ಅಂದ್ಕಂಡು ಓಡೋದೆ. ಆವತ್ತಿಂದ ಗುಬ್ಬಿ ಕಡೀಕೆ ತಲೆ ಹಾಕಿಲ್ಲ. ಕೊಲೆ ಮಾಡ್ದೋಳಂಗೆ ಇದೀನಿ."

ಪಲ್ಲವಿ ಮುಂದೆ ಬಂದು ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತಳು. ಮುದುಕಿ ಅವಳ ತಲೆ, ಕೆನ್ನೆ, ಸೊಟ್ಟ ಮೊಣಕೈ ಎಲ್ಲವನ್ನೂ ಸವರಿದಳು. ಅಳು ಯಾವುದು ನಗು ಯಾವುದು ಎಂದು ತಿಳಿಯದ ಹಾಗಿತ್ತು ಅವಳ ಮುಖ.

"ಕೋರ್ಟಲ್ಲಿ ಇದನ್ನೇ ಹೇಳ್ಬೇಕು ಅಜ್ಜಿ, ಬರ್ತೀರಾ?"

"ಜೈಲಿಗೆ ಹಾಕಿದ್ರೂ ಬತ್ತೀನಿ, ಬುಡು!"

ಅನಂತರಾಜು ಅರ್ಜಿ ಹಾಕಿ, ಕಾಡಿ ಬೇಡಿ, ಇನ್ನೊಬ್ಬ ಸಾಕ್ಷಿಗೆ ಅವಕಾಶ ಗಿಟ್ಟಿಸಿದರು. ತುಮಕೂರಿನ ಕೋರ್ಟು ಆವತ್ತು ತುಂಬಿತ್ತು. ಬಸ್ಸಿನ ಮಾಲೀಕ, ಅವನ ಪಕ್ಕದಲ್ಲಿ ಕಂಡಕ್ಟರು ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪುಟ್ಟಗಂಗಮ್ಮ ಕಟಕಟೆ ಹತ್ತಿ ಎಲ್ಲವನ್ನೂ ಹೇಳಿದಳು. ಕುದುರೆ ಮರಿ ಬಿದ್ದ ಕತೆಗೂ ಕೈ ಹಾಕಿದ್ದಳು, ಜಡ್ಜು ತಡೆದರು.

ಬಸ್ಸಿನ ಕಡೆಯ ಇನ್ಶೂರೆನ್ಸ್ ಲಾಯರು ಎದ್ದು ನಿಂತರು. "ಮಗು ಬಸ್ಸಲ್ಲಿತ್ತು ಅಂತೀಯಲ್ಲಮ್ಮ, ಹಾಗಾದ್ರೆ ಟಿಕೆಟ್ ಎಲ್ಲಿ?"

ಮಾಲಿನಿ ಕಣ್ಣು ಮುಚ್ಚಿ ಬೇಡಿಕೊಂಡಳು. ಅಜ್ಜಿ ಸುಮ್ಮನಿದ್ದರೆ ಸಾಕು, ದೇವರೇ.

"ಟಿಕೇಟು ಎಲ್ಲಿಂದ ಬತ್ತದೆ ಸಾಮಿ? ಈವಮ್ಮ ತಗಂಡಿದ್ರೆ ತಾನೇ?"

ಕೋರ್ಟಿನಲ್ಲಿ ಕಿಸಕ್ಕನೆ ನಗು ಎದ್ದಿತು. ಅನಂತರಾಜು ತಿರುಗಿ ಮಾಲಿನಿಯನ್ನು ದುರುಗುಟ್ಟಿ ನೋಡಿದರು. ಅವಳಿಗೆ ಬೆಂಚಿನ ಕೆಳಗೆ ಹೋಗಿ ಅವಿತುಕೊಳ್ಳೋಣ ಎನಿಸಿತು.

ಮುದುಕಿಗೆ ಹುರುಪು ಬಂದುಬಿಟ್ಟಿತ್ತು. "ಕಂಡಕ್ಟ್ರು ಬಂದು ಮಗೀಗೆ ಆಫ್ ಟಿಕೇಟು ತಗಳಮ್ಮ ಅಂದ. ಇವಳು ಹಿಂದ್ಗಡೆಯಿಂದ, ಇಲ್ಲ ಇನ್ನೂ ಐದು ವರ್ಸ, ಟಿಕೇಟು ಬ್ಯಾಡ ಅಂದ್ಳು. ನನ್ನ ತೊಡೆ ಮರಗಟ್ಟೋಗಿತ್ತು ಸಾಮಿ, ಐದು ವರ್ಸದ ಭಾರವಾ ಅದು? ಆದ್ರೂ ಪಾಪ ಅಂತ ನಾನೂವೆ, ಹೂಂ ಐದೇ ಕಣಪ್ಪ ಅಂದೆ. ಬಸ್ಸೆಲ್ಲ ನಕ್ತು!"

"ಐದಲ್ಲ!" ಎಂದು ಹಿಂದಿನಿಂದ ಯಾರೋ ಗುಡುಗಿದರು. "ನಾಲ್ಕೂವರೆ ಅಂದಿದ್ರು! ಇಷ್ಟುದ್ದ ಜಡೆ ಬಿಟ್ಕೊಂಡು ನಾಲ್ಕೂವರೆನಾ ಅಂತ ನಾನು..."

ಗುಡುಗಿದವನು ಕಂಡಕ್ಟರು; ಅವನ ಬಾಯಿ ತೆರೆದೇ ಉಳಿಯಿತು. ದಿನಕ್ಕೆ ಎಷ್ಟೋ ತಾಯಂದಿರ ಹತ್ತಿರ ಮಕ್ಕಳ ವಯಸ್ಸಿಗಾಗಿ ಜಗಳವಾಡುವವನು. ಸೋತ ಜಗಳ ಹೊಟ್ಟೆಯಲ್ಲಿ ಹಾಗೇ ಕುದಿಯುತ್ತಿತ್ತೇನೋ, ಎದ್ದು ನಿಂತದ್ದೂ ಅವನಿಗೆ ಗೊತ್ತಾಗಿರಲಿಲ್ಲ. ಮಾಲೀಕ ಅವನ ಪ್ಯಾಂಟು ಹಿಡಿದು ಎಳೆದ. ತಡವಾಗಿತ್ತು.

ಜಡ್ಜು ಕನ್ನಡಕ ತೆಗೆದರು. "ಬಾರಯ್ಯ ಮುಂದಕ್ಕೆ. ಬಸ್ಸಲ್ಲೇ ಇಲ್ಲದ ಮಗುವಿನ ಜಡೆ ಎಷ್ಟುದ್ದ ಅಂತ ನಿನಗೆ ಹೇಗೆ ಗೊತ್ತು?"

ಅವನು ನೆಲ ನೋಡಿದ, ಮಾಲೀಕನನ್ನು ನೋಡಿದ. ಕೊನೆಗೆ ಕಟಕಟೆಯನ್ನು ಮತ್ತೆ ಹತ್ತಿ, "ಇದ್ಳು ಸ್ವಾಮಿ. ಇಳಿಯೋಕ್ ಮುಂಚೇನೇ ವಿಸಿಲ್ ಹೊಡೆದ್ಬುಟ್ಟೆ" ಎಂದ.

ಜಡ್ಜು ಮಾಲಿನಿಯ ಕಡೆ ತಿರುಗಿದರು. "ನಾಲ್ಕೂವರೆ ಅಂದಿದ್ದು ನಿಜವೇನಮ್ಮ?"

ಮಾಲಿನಿ ಎದ್ದು ನಿಂತಳು. ನಾಚಿಕೆಗೆ ಮುಖ ಕೆಂಪಾಗಿತ್ತು. "ನಿಜ ಸಾರ್. ಆಗ ಅವಳಿಗೆ ಎಂಟು."

"ಎಂಟೂ ಮುಕ್ಕಾಲು" ಎಂದಳು ಪಲ್ಲವಿ.

ಈ ಸಲ ಜಡ್ಜೂ ನಕ್ಕರು. ನಕ್ಕು, ಮಗು ಬಸ್ಸಿನಲ್ಲಿತ್ತು ಎಂದು ಕಂಡಕ್ಟರು ಒಪ್ಪಿದ್ದನ್ನು ಗಂಭೀರವಾಗಿ ಟೈಪಿಸ್ಟಿಗೆ ಬರೆಸಿದರು.

ಹೊರಗೆ ಹೊಂಗೆ ಮರದ ಕೆಳಗೆ ಅನಂತರಾಜು ಮೊದಲು ಬೈದರು. "ಏನಮ್ಮ ನೀನು, ಲಾಯರಿಗೇ ಸುಳ್ಳು ಹೇಳೋದಾ? ಈ ಜಗಳ ಮೊದಲೇ ಹೇಳಿದ್ದಿದ್ರೆ ಕೇಸು ಎಂದೋ ಮುಗೀತಿತ್ತಲ್ಲ!" ಬೈಗುಳ ಇನ್ನೂ ಮುಗಿದಿರಲಿಲ್ಲ, ಇನ್ಶೂರೆನ್ಸ್ ಲಾಯರು ಅಲ್ಲಿಗೇ ಬಂದರು. "ರಾಜಿ ಮಾಡ್ಕೊಳ್ಳೋಣ ಅನಂತರಾಜು. ಆಪರೇಷನ್ ಖರ್ಚೂ ಸೇರಿಸಿ ಬರ್ಕೊಡಿ, ಮುಂದಿನ ಲೋಕ ಅದಾಲತ್ತಿಗೇ ಮುಗಿಸೋಣ."

ಮಾಲಿನಿ ಗಂಡನ ಕೈಯಿಂದ ಫೋನು ಕಿತ್ತುಕೊಂಡು ಆಸ್ಪತ್ರೆಯ ನಂಬರು ಒತ್ತಿದಳು.

"ಹಲೋ, ಡಾಕ್ಟರೇ? ನಾನು ಪಲ್ಲವಿ ತಾಯಿ. ಡೇಟ್ ಕೊಡಿ ಸಾರ್, ಡೇಟು! ಆಪರೇಷನ್‌ಗೆ!"

"ಮೆಲ್ಲಗೆ ಮಾತಾಡೇ, ಕೋರ್ಟು ಇದು" ಎಂದ ಬಸವಪ್ರಭು.

"ಮಾತಾಡ್ಲಿ ಬುಡಪ್ಪ" ಎಂದಳು ಪುಟ್ಟಗಂಗಮ್ಮ. "ಗಟ್ಟಿಯಾಗೇ ಕೇಳವ್ವ, ಡಾಕ್ಟ್ರಿಗೆ ಸರಿಯಾಗಿ ಕೇಳಿಸ್ಲಿ."