ಭುಜಂಗಣ್ಣನ ಮೆಗಾಬ್ಲಾಕ್

ಭುಜಂಗಣ್ಣನ ಮನೆಯಲ್ಲಿ ಅತಿಥಿಗಳು ಚಪ್ಪಲಿಯನ್ನಷ್ಟೇ ಅಲ್ಲ, ಕೈಗಡಿಯಾರವನ್ನೂ ಕಳಚಬೇಕಿತ್ತು. ಗಡಿಯಾರಗಳನ್ನೆಲ್ಲ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಅಡುಗೆಮನೆಯ ಅಕ್ಕಿಚೀಲದ ಹಿಂದೆ ಅಡಗಿಸಿದ ಮೇಲೆಯೇ ಭುಜಂಗಣ್ಣ ಟೇಪ್‌ರೆಕಾರ್ಡರಿನತ್ತ ತುದಿಗಾಲಲ್ಲಿ ಹೊರಡುತ್ತಿದ್ದುದು. ಗಡಿಯಾರದ ಟಿಕ್‌ಟಿಕ್ ನಾದದ ಸೂಕ್ಷ್ಮವನ್ನು ಕೊಲ್ಲುತ್ತದೆಂಬುದು ಅವರ ಸಿದ್ಧಾಂತ. ಈ ಸಿದ್ಧಾಂತ ಮಂಡನೆಯಾಗುತ್ತಿದ್ದುದು ದಿವಾ ಸ್ಟೇಷನ್ನಿನ ಪಕ್ಕ, ಲೋಕಲ್ ಗಾಡಿ ಹಾದಾಗಲೆಲ್ಲ ಗೋಡೆಯ ಕ್ಯಾಲೆಂಡರು ನಡುಗುವ ಎರಡನೆಯ ಮಹಡಿಯ ಖೋಲಿಯಲ್ಲಿ ಎಂಬುದನ್ನು ಸೌಜನ್ಯಕ್ಕಾಗಿ ನಾವ್ಯಾರೂ ಎತ್ತುತ್ತಿರಲಿಲ್ಲ.

ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ಈ ಕರಾವಳಿಯ ಮನುಷ್ಯ ನಾದಶುದ್ಧಿಗಾಗಿ ಮಾಡದ ವ್ರತವಿರಲಿಲ್ಲ. ಚಟ್ನಿಗೆ ತುರಿದು ಮಿಕ್ಕ ತೆಂಗಿನ ಗೆರಟೆಗಳು ಹೋಟೆಲಿನಿಂದ ಬಂದು ಸ್ಪೀಕರುಗಳ ಪಾದಪೀಠವಾದವು. ಕ್ಯಾಸೆಟ್ಟು ಹಿಂದಿನ ದಿನವೇ ಫ್ರಿಜ್ಜಿನಲ್ಲಿ, ಇಡ್ಲಿಹಿಟ್ಟಿನ ಪಕ್ಕದಲ್ಲಿ, ತಂಪಾಗಬೇಕು. ಸ್ಪೀಕರಿನ ತಂತಿಯ ಮೇಲೆ ಅಚ್ಚಾದ ಅಕ್ಷರಗಳನ್ನು ಓದುವ ದಿಕ್ಕಿನಲ್ಲೇ ಕರೆಂಟು ಹರಿಯಬೇಕು.

“ಇವ್ರ ಕರೆಂಟಿಗೆ ಇಂಗ್ಲಿಷ್ ಓದ್ಲಿಕ್ಕೂ ಬರ್ತದೆ,” ಎನ್ನುತ್ತಿದ್ದರು ಹೆಂಡತಿ ಪುಷ್ಪಾವತಿಯಕ್ಕ, ಚಹಾ ಸೋಸುತ್ತ.

ಇಷ್ಟೆಲ್ಲ ಒಂದೇ ಒಂದು ಕ್ಯಾಸೆಟ್ಟಿಗಾಗಿ. ತೀರಿಹೋದ ಅಣ್ಣ ದೇಜಪ್ಪ ಡೊಂಬಿವಲಿಯ ತಾಳಮದ್ದಲೆಯೊಂದರಲ್ಲಿ ಭಾಗವತಿಕೆ ಮಾಡಿದ್ದರ ಧ್ವನಿಮುದ್ರಣ ಅದು. ಅಂದು ಹಾರ್ಮೋನಿಯಂ ಒತ್ತುತ್ತ ಕೂತವರು ಭುಜಂಗಣ್ಣನೇ. ಪದ ಎತ್ತುವ ಮುನ್ನ ಅಣ್ಣ ಮೆಲ್ಲಗೆ, “ಭುಜಂಗ, ಶ್ರುತಿ ಕೊಡು,” ಎಂದಿದ್ದ. ಆ ಮಾತು ಕ್ಯಾಸೆಟ್ಟಿನೊಳಗೆ ಇದ್ದೇ ಇದೆ, ಕೆಟ್ಟ ತಂತಿ ಅದನ್ನು ನುಂಗುತ್ತಿದೆ ಎಂದು ಅವರ ನಂಬಿಕೆ. ಇಯರ್‌ಫೋನಿನಲ್ಲಿ ಕೇಳಬಾರದೇ ಎಂದು ನಾನು ಒಮ್ಮೆ ಜಾಣತನ ತೋರಿಸಿದ್ದಕ್ಕೆ, “ಅಣ್ಣ ಮನೆಯೊಳಗೆ ಬರ್ಬೇಕು ಮಾರಾಯ್ರೆ, ಕಿವಿಯೊಳಗಲ್ಲ,” ಎಂದಿದ್ದರು.

ಎರಡು ಸಾವಿರದ ಏಳರ ಒಂದು ಭಾನುವಾರ. ಭಾನುವಾರವೆಂದರೆ ಹೋಟೆಲಿನಲ್ಲಿ ಜಾತ್ರೆ, ಅವರಿಗೆ ರಜೆ ಸೋಮವಾರವೇ; ಆದರೆ ಅಂದು ಹೋಟೆಲಿಗೆ ಸುಣ್ಣ ಬಣ್ಣ. ಲ್ಯಾಮಿಂಗ್ಟನ್ ರೋಡಿನ ಇಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ, ಕೇರೆಹಾವಿನಷ್ಟು ದಪ್ಪದ ಹೊಸ ತಂತಿಯ ಉದ್ಘಾಟನೆಗೆ ನನ್ನನ್ನು ಕರೆದರು. ಡೊಂಬಿವಲಿಯಿಂದ ಎರಡು ರಿಕ್ಷಾ ಬದಲಿಸಿ, ರೈಲ್ವೆಯನ್ನು ಶಪಿಸುತ್ತ, ಬೆವರುತ್ತ ತಲುಪಿದೆ. ಗಡಿಯಾರ ಡಬ್ಬಿಗೆ ಹೋಯಿತು. ಟೇಪು ತಿರುಗಿತು. ಅದರೊಳಗೆ ಯಾರೋ ಕೆಮ್ಮಿದರು, ಬಳೆಯೊಂದು ಸದ್ದು ಮಾಡಿತು; ಆಮೇಲೆ, ಸ್ಪಷ್ಟವಾಗಿ, ನಮ್ಮ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತವನ ಹಾಗೆ: “ಭುಜಂಗ, ಶ್ರುತಿ ಕೊಡು.”

ಭುಜಂಗಣ್ಣನ ಬೆರಳುಗಳು ಚಾಪೆಯ ಮೇಲೆ ಇಲ್ಲದ ಹಾರ್ಮೋನಿಯಂ ಹುಡುಕಿದವು.

“ಕೇಳಿಸ್ತಾ?” ಎಂದರು. ನಾನೂ ಪರಮಜ್ಞಾನಿಯಂತೆ ತಲೆದೂಗಿ, “ತಂತಿ ಅಂದ್ರೆ ತಂತಿ!” ಎಂದೆ.

ಮರುದಿನ ಸಂಜೆ ಇನ್ನೂ ನಾಲ್ಕು ಜನರನ್ನು ಗುಡ್ಡೆಹಾಕಿದರು. ಕೆಮ್ಮಿಲ್ಲ, ಬಳೆಯಿಲ್ಲ, ಅಣ್ಣನಿಲ್ಲ. ಗೆರಟೆ ಸರಿಸಿದರು, ತಂತಿ ತಿರುಗಿಸಿದರು, ಹೊಸದಲ್ಲವೇ ಪಳಗಬೇಕು ಎಂದರು. ಕ್ಯಾಸೆಟ್ಟು ಹಿಂದಕ್ಕೋಡಿ ಓಡಿ ಸುಸ್ತಾಯಿತು. ಕೊನೆಗೆ ಪುಷ್ಪಾವತಿಯಕ್ಕ ಅಡುಗೆಮನೆಯಿಂದ ಹೊರಬಂದರು.

“ತಂತಿಯನ್ನು ಎಂಥ ಬಯ್ಯುವುದು? ನಿನ್ನೆ ಮೆಗಾಬ್ಲಾಕ್ ಅಲ್ವಾ! ಹಳಿ ರಿಪೇರಿ ಅಂತ ಇಡೀ ಮಧ್ಯಾಹ್ನ ಈಚೆ ಗಾಡಿಯೇ ಬರ್ಲಿಲ್ಲ. ಅದಕ್ಕೇ ಬಾವ ಮಾತಾಡಿದ್ದು.”

ಅಷ್ಟರಲ್ಲಿ ಕಲ್ಯಾಣ್ ಲೋಕಲ್ ಹಾದುಹೋಯಿತು, ಕ್ಯಾಲೆಂಡರು ನಡುಗಿತು. ಭುಜಂಗಣ್ಣ ಕಿಟಕಿಯನ್ನು ನೋಡಿದರು, ತಂತಿಯನ್ನು ನೋಡಿದರು. ಆಮೇಲೆ ಗಾಂಭೀರ್ಯದಿಂದ, “ಬ್ಲಾಕ್ ಒಂದೇ ಇದ್ರೆ ಸಾಲ್ದು. ತಂತಿಯೂ ಬೇಕು,” ಎಂದರು.

ಅಂದಿನಿಂದ ಅವರು ಶನಿವಾರದ ಪೇಪರಿನಲ್ಲಿ ಮೆಗಾಬ್ಲಾಕಿನ ಪ್ರಕಟಣೆಯನ್ನು ಮುಹೂರ್ತ ನೋಡುವವರಂತೆ ನೋಡತೊಡಗಿದರು. ಗಲ್ಲಾದ ಮನುಷ್ಯನ ಹೊಟ್ಟೆನೋವು ರೈಲ್ವೆ ದುರಸ್ತಿಗೆ ಸರಿಯಾಗಿ ಹೇಗೆ ಬರುತ್ತದೆಂದು ಮಾಲೀಕರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಮಧ್ಯಾಹ್ನಗಳಲ್ಲಿ ಪುಷ್ಪಾವತಿಯಕ್ಕ ಯಾರೂ ಹೇಳದೆ ಕುಕ್ಕರು ಇಳಿಸಿ, ಫ್ಯಾನು ಆರಿಸಿ, ಬಳೆಗಳನ್ನು ಮೊಣಕೈಯತ್ತ ಏರಿಸಿ ಬಾಗಿಲಿಗೊರಗಿ ನಿಲ್ಲುತ್ತಿದ್ದರು.

ಭುಜಂಗಣ್ಣನೂ ಈಗಿಲ್ಲ. ಪೇಪರಿನಲ್ಲಿ ಮೆಗಾಬ್ಲಾಕ್ ಎಂದು ಕಂಡರೆ ಊರೆಲ್ಲ ಗೊಣಗುತ್ತದೆ. ನನ್ನ ಕೈ ಮಾತ್ರ ತನ್ನಷ್ಟಕ್ಕೆ ಗಡಿಯಾರದ ಪಟ್ಟಿಯತ್ತ ಹೋಗುತ್ತದೆ. ದಪ್ಪ ತಂತಿಯನ್ನೂ ಗೆರಟೆಯನ್ನೂ ನಂಬುವ ಆ ಜಾತಿಯ ಜನರನ್ನು ನೋಡಿ ನಾನು ಬೇಕಾದಷ್ಟು ನಕ್ಕಿದ್ದೇನೆ, ಇನ್ನೂ ನಗುತ್ತೇನೆ. ಆದರೆ ಪ್ರೀತಿಯ ದನಿಯೊಂದು ಕೇಳಿಸದೆ ಹೋದಾಗ, ಆ ಮನುಷ್ಯ ಹೋದ ಎನ್ನುವುದಕ್ಕಿಂತ ತಂತಿ ಕೆಟ್ಟಿದೆ ಎನ್ನುವುದು ಅವರಿಗೆ ಹಗುರ. ತಂತಿಯನ್ನಾದರೆ ಬದಲಿಸಬಹುದು.